ರಾಜಗಿರಿ ಅರಳುವ ಸದ್ದು

ಜುಲೈ ೩, ಗುರುವಾರ

ಬನ್ನಿ, ಬನ್ನಿ, ಬನ್ನಿ! ಮುಂದೆ ಚಾಪೆ ಹಿಡಿದ ಮಕ್ಕಳೇ, ನಡುವೆ ಬೆಂಚು ಹಿಡಿದ ಹಿರಿಯರೇ, ಹಿಂದೆ ಕಂಬಕ್ಕೊರಗಿ ಬೀಡಿ ಹಚ್ಚಿದ ಮಹನೀಯರೇ, ಬಲಬದಿಗೆ ಸೆರಗು ಸರಿಮಾಡಿಕೊಂಡು ಕೂತ ತಾಯಂದಿರೇ! ಮೂರನೆಯ ಗಂಟೆ ಬಾರಿಸಿದೆ. ಶೇಂಗಾ ಮಾರುವವನು ಬುಟ್ಟಿ ಕೆಳಗಿಡಲಿ. ಅಳುವ ಕೂಸಿದ್ದರೆ ಹೊರಗೆ ಎತ್ತಿಕೊಂಡು ಹೋಗಲಿ. ಪರದೆ ಏಳುತ್ತಿದೆ!

ಸ್ಥಳ: ಕೊಲ್ಕತ್ತಾ ಮಹಾನಗರ, ಜಾದವ್‌ಪುರದ ಒಂದು ಗಲ್ಲಿ, ಮೂರನೆಯ ಮಹಡಿಯ ಎರಡು ಕೋಣೆಯ ಮನೆ. ಕಾಲ: ಬೆಳಗಿನ ಹನ್ನೊಂದು. ಪಾತ್ರ: ಒಬ್ಬನೇ ಒಬ್ಬ! ನರಹರಿ, ವಯಸ್ಸು ಅರುವತ್ತೆಂಟು. ಗದಗಿನ ಕಡೆಯ ನಾಟಕ ಕಂಪನಿಯ ಮಾಲೀಕನ ಮಗ, ಕಿರೀಟದ ಪೆಟ್ಟಿಗೆಯಲ್ಲಿ ನಿದ್ದೆ ಮಾಡಿ ಬೆಳೆದವನು. ಕಂಪನಿ ಮುಳುಗಿದ ಮೇಲೆ ಬ್ಯಾಂಕಿನ ಕೆಲಸ ಹಿಡಿದು ಈ ಊರಿಗೆ ಬಂದು, ಮೂವತ್ತೊಂದು ವರ್ಷ ಕೌಂಟರಿನಾಚೆ ಕೂತು, ನಿವೃತ್ತನಾದ ಮೇಲೂ ಇಲ್ಲೇ ಉಳಿದವನು. ಈ ಕಂಠವನ್ನು ಮೈಕಿಲ್ಲದೆ ಎರಡು ಸಾವಿರ ಜನ ಕೇಳಿದ್ದಾರೆ ಸ್ವಾಮಿ, ಕೊನೆಯ ಸಾಲಿನವರೆಗೂ!

ಅಂಥವನು ಬಾಯಿಬಿಟ್ಟು ಹೇಳದೆ ಹೀಗೆ ನೋಟುಬುಕ್ಕಿನಲ್ಲಿ ಗೀಚುವುದೇಕೆ? ಅದೇ ಕಥೆ.

ಮೊನ್ನೆ ಮಂಗಳವಾರ, ನಾಲ್ಕು ತಿಂಗಳ ಮೇಲೆ ಮೊದಲ ಸಲ, ಅಲಮಾರಿಯ ಕನ್ನಡಿಯ ಮುಂದೆ ನಿಂತೆ. ರಾಜ್ಯ ಕಳೆದುಕೊಂಡ ಅರಸ ತನ್ನ ಅರಮನೆಗೆ ವಿದಾಯ ಹೇಳುವ ಮಾತು. ಅಪ್ಪ ಬರೆದು, ಅಪ್ಪನೇ ಕಲಿಸಿದ್ದು. ಎದೆ ಉಬ್ಬಿಸಿ, 'ಎಲೈ ಕಂಬಗಳಿರಾ' ಎಂದು ಶುರುಮಾಡಿದೆ. ಮೂರನೆಯ ವಾಕ್ಯಕ್ಕೆ ಅಡುಗೆಮನೆಯಿಂದ ಸದ್ದು ಬಂತು.

ರಾಜಗಿರಿ ಅರಳುವ ಸದ್ದು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಸಾಸಿವೆಗಿಂತ ಸಣ್ಣ ಕಾಳು ಅದು. ಕೆಂಪಗೆ ಕಾದ ಬಾಣಲೆಗೆ ಒಂದು ಚಮಚ ಹಾಕಿದರೆ ಕಣ್ಣೆವೆ ಮುಚ್ಚಿ ತೆರೆಯುವಷ್ಟರಲ್ಲಿ ಬೆಳ್ಳಗಾಗಿ ಕುಣಿಯುತ್ತದೆ. ಜೋಳದ ಅಳ್ಳಿನ ಹಾಗೆ ಫಟ್ ಫಟ್ ಎನ್ನುವುದಿಲ್ಲ. ಒಣಗಿದ ಎಲೆಯ ಮೇಲೆ ತುಂತುರು ಬಿದ್ದ ಹಾಗೆ ಸದ್ದು. ಮೂವತ್ತೆಂಟು ವರ್ಷ ಅದನ್ನು ಕೇಳಿದವನು ನಾನು, ತಪ್ಪಲು ಸಾಧ್ಯವಿಲ್ಲ.

ಓಡಿದೆ. ಒಲೆ ತಣ್ಣಗಿತ್ತು. ಬಾಣಲೆ ಮೊಳೆಗೆ ತೂಗುತ್ತಿತ್ತು. ಡಬ್ಬಿಯ ಮುಚ್ಚಳ ಬಿಗಿಯಾಗಿತ್ತು. ನಾನು ಮೌನವಾದೊಡನೆ ಸದ್ದೂ ಇಲ್ಲ. ತಿರುಗಿ ಬಂದು 'ಎಲೈ ಕಂಬಗಳಿರಾ' ಅಂದೆ. ಮತ್ತೆ ತುಂತುರು! ನಿನ್ನೆಯೂ ಅಷ್ಟೇ, ಇವತ್ತೂ ಅಷ್ಟೇ. ನಾನು ಮಾತಾಡಿದರೆ ಅದು ಹುರಿಯುತ್ತದೆ. ಸುಮ್ಮನಾದರೆ ಸುಮ್ಮನಾಗುತ್ತದೆ. ಆದ್ದರಿಂದ, ಮಹಾಜನರೇ, ಈ ನೋಟುಬುಕ್ಕೇ ಇನ್ನು ನನ್ನ ರಂಗಮಂಟಪ.

ನನ್ನ ಹೆಂಡತಿ ಸರೋಜಿನಿ ಫೆಬ್ರವರಿ ಇಪ್ಪತ್ತನಾಲ್ಕರಂದು ತೀರಿಕೊಂಡಳು. ಶಿವರಾತ್ರಿಗೆ ಎರಡು ದಿನ ಇತ್ತು. ಅದೇ ಅಡುಗೆಮನೆಯಲ್ಲಿ ರಾಜಗಿರಿ ಹುರಿಯುತ್ತಿದ್ದಾಗ ಮೆದುಳಿನ ನರ ಒಡೆದು ಬಿದ್ದಳು. ಆಗ ನಾನು ಮನೆಯಲ್ಲಿರಲಿಲ್ಲ. ಕೊತ್ತಂಬರಿ ತರಲು ಬಾಜಾರಿಗೆ ಹೋಗಿದ್ದೆ.

ಹುರಿಯಲು ಹೇಳಿದವಳು ಮಗಳು ಕ್ಷಮಾ. ಡಮ್ ಡಮ್‌ನಲ್ಲಿ ಮನೆ ಮಾಡಿಕೊಂಡಿದ್ದಾಳೆ. ಉಪವಾಸಕ್ಕೆ, ಮೈಸೂರಿನಿಂದ ಬಂದಿದ್ದ ತನ್ನ ಅತ್ತೆಗೆ ಎರಡು ಡಬ್ಬಿ ರಾಜಗಿರಿ ಉಂಡಿ ಬೇಕೆಂದು ಬೆಳಿಗ್ಗೆ ಅವ್ವನಿಗೆ ಫೋನು ಮಾಡಿದ್ದಳು. ಅಂದಿನಿಂದ ಅವಳದು ಒಂದೇ ಮಾತು: ನಾನು ಕೇಳದಿದ್ದರೆ ಅವ್ವ ಇರುತ್ತಿದ್ದಳು.

ಜುಲೈ ೫, ಶನಿವಾರ

ಕೆಳಗಿನ ಮಹಡಿಯ ಶೆಫಾಲಿ ದಿ ಮೆಟ್ಟಿಲಲ್ಲಿ ತಡೆದರು. ಎಪ್ಪತ್ತು ದಾಟಿದ ವಿಧವೆ, ಹಿಂದಿ ಬಂಗಾಳಿ ಬೆರೆಸಿ ಮಾತು, ಅವರ ಬಾಯಲ್ಲಿ ನಾನು ದಾದಾ, ಸರೋಜಿನಿ ಬೌದಿ, ಕೈಯಲ್ಲಿ ಸದಾ ಒಂದು ಮೀನಿನ ಚೀಲ.

"ದಾದಾ! ಮಂಗಳವಾರ ನಿಮ್ಮ ಗಲಾ ಕೇಳಿದೆ. ಎಷ್ಟು ದಿನದ ಮೇಲೆ! ನಾನು ಅಂದುಕೊಂಡೆ, ಹುಲಿ ಎದ್ದಿತು."

ನಾನು ಮೀಸೆ ತಿರುವಿದೆ. "ಹುಲಿ ಮುದಿಯಾಗಿದೆ, ದೀದಿ."

"ಮುದಿ ಆದರೇನು, ಗುಡುಗು ಗುಡುಗೇ. ಅರ್ಥ ಒಂದಕ್ಷರ ಆಗಲ್ಲ, ಆದರೂ ಕೇಳ್ತಾ ನಿಲ್ತೀನಿ. ಬೌದಿ ಹೋದ ದಿನವೂ ಇದೇ ಪಾಲಾ, ಇದೇ ನಾಟಕ ಹೇಳ್ತಿದ್ರಲ್ಲ? ಆ ಸೋಮವಾರ. ಎಷ್ಟು ಹೊತ್ತು! ನಾನು ಸಾಸಿವೆ ಅರೆಯೋದು ಬಿಟ್ಟು ಮಿಕ್ಸಿ ನಿಲ್ಲಿಸಿ ಕೇಳಿದ್ದೆ."

"ಆ ದಿನ ಅಲ್ಲ," ಅಂದೆ. "ಆ ದಿನ ನಾನು ಬಾಜಾರಿಗೆ ಹೋಗಿದ್ದೆ."

"ಹೌದೇ? ಹಾಗಾದರೆ ಬೇರೆ ದಿನ ಇರಬೇಕು. ವಯಸ್ಸಾಯ್ತು, ಎಲ್ಲ ಕಲಸಿ ಹೋಗುತ್ತೆ." ಅವರು ಮೀನಿನ ಚೀಲ ಕೈ ಬದಲಿಸಿಕೊಂಡು ಒಳಗೆ ಹೋದರು.

ವಯಸ್ಸಾಗಿದೆ, ಪಾಪ. ನಿನ್ನೆ ಮೊನ್ನೆಯದು ನೆನಪಿರುವುದಿಲ್ಲ, ನಾಲ್ಕು ತಿಂಗಳ ಹಿಂದಿನದನ್ನು ಹೇಳುತ್ತಾರಂತೆ! ಮಹಾಜನರೇ, ಇಂಥ ಸಾಕ್ಷಿಯನ್ನು ಯಾವ ದರ್ಬಾರು ಒಪ್ಪೀತು? ನಾನು ಕೊತ್ತಂಬರಿ ತರಲು ಹೋಗಿದ್ದೆ. ಮೇಲೆ ಬರೆದಿದ್ದೇನೆ.

ಜುಲೈ ೬, ಭಾನುವಾರ

ಇಂದು ಏಕಾದಶಿ. ಅಳಿಯ ವೈಭವ್ ಒಬ್ಬನೇ ಬಂದ. ಮೈಸೂರಿನ ಹುಡುಗ, ಮೃದು ಮಾತು, ಸಾಫ್ಟ್‌ವೇರಿನವನು, ಸೆಕ್ಟರ್ ಫೈವ್‌ನಲ್ಲಿ ಕೆಲಸ. ಕ್ಷಮಾ ಈ ಮನೆಯ ಮೆಟ್ಟಿಲು ಹತ್ತದೆ ನಾಲ್ಕು ತಿಂಗಳಾಯಿತು.

ನಾನು ಬಾಗಿಲಲ್ಲೇ ತೋಳು ಚಾಚಿ, "ಬರಬೇಕು, ಬರಬೇಕು ಅಳಿಯ ಮಹಾರಾಜರು!" ಎಂದೆ. ಒಳಗೆ ಚಿಟಚಿಟ ಅಂದಿತು. ದನಿ ಇಳಿಸಿ, "ಕೂಡಪಾ," ಅಂದೆ.

ವೈಭವ್ ಕುರ್ಚಿಯ ತುದಿಯಲ್ಲಿ ಕೂತ. "ಮಾವ, ಒಂದು ವಿಷಯ ಹೇಳ್ಬೇಕು. ಕ್ಷಮಾ ಈಗ ಯಾರನ್ನೂ ಏನೂ ಕೇಳಲ್ಲ."

"ಅಂದ್ರ?"

"ಅಂದ್ರೆ ಏನೂ ಬೇಕು ಅನ್ನಲ್ಲ. ಟೀ ಬೇಕು ಅನ್ನಲ್ಲ. ಫ್ಯಾನ್ ಹಾಕು ಅನ್ನಲ್ಲ. ಆಫೀಸಲ್ಲಿ ರಜಾ ಕೇಳಲ್ಲ, ಅಂಗಡೀಲಿ ಇದು ಕೊಡಿ ಅನ್ನಲ್ಲ. ತಾನೇ ಎತ್ಕೊಳ್ಳೋಕೆ ಆಗೋದಿದ್ರೆ ಎತ್ಕೊಳ್ತಾಳೆ, ಇಲ್ಲಾಂದ್ರೆ ಬಿಟ್ಬಿಡ್ತಾಳೆ. ಮೊದಮೊದಲು ನನಗೆ ಗೊತ್ತಾಗ್ಲೇ ಇಲ್ಲ. ಒಂದು ಸಲ ಕೇಳಿದ್ದಕ್ಕೆ ಅವ್ವ ಹೋದ್ಲು, ಇನ್ನು ಯಾರನ್ನೂ ಏನೂ ಕೇಳಬಾರ್ದು ಅಂತ ತೀರ್ಮಾನ ಮಾಡ್ಕೊಂಡಿದಾಳೆ. ಡಾಕ್ಟರ ಹತ್ರ ಕರ್ಕೊಂಡು ಹೋದೆ. ಅವರ ಮುಂದೇನೂ ಮಾತಿಲ್ಲ."

ನಾನು ಬಾಳೆಹಣ್ಣಿನ ತಟ್ಟೆಯನ್ನು ಅವನ ಮುಂದೆ ಸರಿಸಿದೆ.

"ಆವತ್ತು ಆಸ್ಪತ್ರೇಲಿ ಡಾಕ್ಟರ್ ನಿಮ್ಮ ಹತ್ರ ಏನಾದ್ರೂ ಹೇಳಿದ್ರಾ ಮಾವ? ಎಷ್ಟು ಹೊತ್ತಿಂದ ಬಿದ್ದಿದ್ರು, ಬೇಗ ತಂದಿದ್ರೆ ಹೇಗಿರ್ತಿತ್ತು, ಅಂತೇನಾದ್ರೂ? ಬೇಗ ತಂದಿದ್ರೂ ಉಳೀತಿರ್ಲಿಲ್ಲ ಅಂತ ಗೊತ್ತಾದ್ರೆ ಅವಳಿಗೊಂದು ಸಮಾಧಾನ."

"ಏನೂ ಹೇಳಲಿಲ್ಲ," ಅಂದೆ.

ಅವನು ಹೋಗುವಾಗ ಎರಡು ಬಾಳೆಹಣ್ಣು ತಿಂದು ಹೋದ.

ಡಾಕ್ಟರು ಹೇಳಿದ್ದರು. ಅರ್ಧ ಗಂಟೆ ಮೊದಲು ತಂದಿದ್ದರೆ ನೋಡಬಹುದಿತ್ತು ಎಂದಿದ್ದರು.

ಜುಲೈ ೯, ಬುಧವಾರ

ಯುದ್ಧ ಘೋಷಣೆ! ಮಹಾಜನರೇ, ಕುರ್ಚಿಯ ತುದಿಗೆ ಬನ್ನಿ! ಅಡುಗೆಮನೆಯ ಅದೃಶ್ಯ ಶತ್ರುವಿಗೆ ಇಂದು ರಾಜಗಿರಿಯಿಂದಲೇ ಉತ್ತರ. ನಾನೇ ಹುರಿದು ಮುಗಿಸಿಬಿಟ್ಟರೆ ಅದಕ್ಕೆ ಹುರಿಯಲು ಏನು ಉಳಿದೀತು? ಎಂಥ ತರ್ಕ! ಚಪ್ಪಾಳೆ ಇರಲಿ.

ಡಬ್ಬಿ ಇಳಿಸಿದೆ. ಬಡಾಬಾಜಾರಿನಲ್ಲಿ ರಾಮದಾನಾ ಎಂದು ಕೇಳಿ ತಂದ ಕಾಳು, ಇನ್ನೂ ಅರ್ಧ ಡಬ್ಬಿ ಇದೆ. ಕಬ್ಬಿಣದ ಬಾಣಲೆ ಒಲೆಗೇರಿತು. ವೀರಾವೇಶದಿಂದ ಒಂದು ಹಿಡಿ, ಹೌದು, ಪೂರಾ ಒಂದು ಹಿಡಿ ಸುರಿದೆ. ಒಂದು ಕಾಳೂ ಅರಳಲಿಲ್ಲ. ಮೊದಲು ಕಂದು, ಆಮೇಲೆ ಕಪ್ಪು. ಬೆಂಕಿ ಹೆಚ್ಚಿಸಿದೆ. ಆಗ ನೋಡಿ, ನಾಲ್ಕೈದು ನೂರು ಕಾಳು ಒಮ್ಮೆಗೇ ಬಂಡೆದ್ದು ಹಾರಿದವು. ಮೀಸೆಯಲ್ಲಿ, ಕನ್ನಡಕದೊಳಗೆ, ಬನಿಯನ್ನಿನೊಳಗೆ! ಕುಣಿದೆ ಸ್ವಾಮಿ, ನಿಜವಾಗಿ ಕುಣಿದೆ. ನೋಡುವವರಿದ್ದರೆ ಒನ್ಸ್ ಮೋರ್ ಎನ್ನುತ್ತಿದ್ದರು.

ಆಮೇಲೆ ಹೊಗೆ ಬಂತು. ಸೀದ ರಾಜಗಿರಿಗೆ ಒಂದು ವಾಸನೆ ಇದೆ. ಕೂದಲು ಸುಟ್ಟ ಹಾಗೆ, ಅದರೊಳಗೆ ಎಲ್ಲೋ ಸ್ವಲ್ಪ ಸಿಹಿ. ಅದೇ ವಾಸನೆ ಆ ದಿನವೂ

ಕಿಟಕಿಗಳನ್ನೆಲ್ಲ ತೆರೆದೆ. ಹೊರಗೆ ಮಳೆ. ಇಷ್ಟು ಸಾಕು.

ಜುಲೈ ೧೦, ಗುರುವಾರ

ವಾಸನೆ ಹೋಗಿಲ್ಲ.

ಜುಲೈ ೧೪, ಸೋಮವಾರ

ಸರೋಜಿನಿಗೆ ಇದೆಲ್ಲ ಅವಳ ಅವ್ವನಿಂದ ಬಂದ ವಿದ್ಯೆ. ಶ್ರಾವಣದ ಪಂಚಮಿಗೆ ಜೋಳದ ಅಳ್ಳು, ಬೇಸಿಗೆಗೆ ರಾಗಿ ಅರಳಿನ ಹಿಟ್ಟು, ಉಪವಾಸಕ್ಕೆ ರಾಜಗಿರಿ. ಒಮ್ಮೆ ಸಾವೆಯನ್ನೂ ಹುರಿದು ನೋಡಿದಳು. ಅದು ಅರಳಲು ಒಲ್ಲೆ ಎಂದಿತು. ರಾಗಿಗೆ ಮಜ್ಜಿಗೆ ನೀರು ಚಿಮುಕಿಸಿ ಬಟ್ಟೆಯಲ್ಲಿ ಕಟ್ಟಿಡುತ್ತಿದ್ದಳು. ಈ ಊರಿನ ಮಳೆಗಾಲದಲ್ಲಿ ರಾಜಗಿರಿಗೆ ನೀರು ಬೇಡ, ಗಾಳಿಯೇ ಅದನ್ನು ತೇವ ಮಾಡುತ್ತದೆ. ಅದಕ್ಕೇ ಫ್ರಿಜ್ಜಿನ ನೆತ್ತಿಯ ಮೇಲೆ ಪೇಪರು ಹಾಸಿ ಒಂದು ದಿನ ಹರವಿಡುವುದು. ಅದು ನನಗೆ ಮೊನ್ನೆ ರಾತ್ರಿ ನೆನಪಾಯಿತು. ನಿನ್ನೆ ಹರವಿದೆ, ಇವತ್ತು ಹುರಿದೆ.

ಮದುವೆಯಾದ ಹೊಸದರಲ್ಲಿ ನಾನು ಬಾಗಿಲಲ್ಲಿ ನಿಂತು ಅವಳಿಗೆ ಸೂಚನೆ ಕೊಡುತ್ತಿದ್ದೆ.

"ಈಗ ತಗಿ! ಬಣ್ಣ ಬಂತು ನೋಡು!"

"ಏನ್ರೀ, ಸ್ವಲ್ಪ ಬಾಯಿ ಮುಚ್ಚತೀರೇನು? ಇದನ್ನ ಬಣ್ಣ ನೋಡಿ ಹುರಿಯೋದಲ್ಲ. ಸದ್ದು ಹಿಡದು ಹುರಿಯೋದು. ನಿಮ್ಮ ಆರ್ಭಟದಾಗ ನನಗ ಏನೂ ಕೇಳ್ಸಂಗಿಲ್ಲ."

"ಎರಡು ಸಾವಿರ ಮಂದಿ ಟಿಕೀಟು ತಗೊಂಡು ಕೇಳಿದ ಆರ್ಭಟ ಇದು!"

"ಅವರು ಒಂದು ರಾತ್ರಿ ಕೇಳಿ ಮನಿಗೆ ಹೋದ್ರು. ನಾ ಎಲ್ಲಿಗೆ ಹೋಗ್ಲಿ?"

ಎಂದು ನಕ್ಕು, ಮೊದಲ ಚಮಚದ ಅರಳನ್ನು ನನ್ನ ಅಂಗೈಗೆ ಹಾಕುತ್ತಿದ್ದಳು. ಬಿಸಿಬಿಸಿ, ಬೆಳ್ಳಗೆ, ತೂಕವೇ ಇಲ್ಲದಂತೆ.

ಇವತ್ತು ಬಾಣಲೆಗೆ ಒಂದು ಹನಿ ನೀರು ಹಾಕಿದೆ. ಅದು ಮಣಿಯಾಗಿ ಓಡಾಡಿತು. ಆಗ ಒಂದೇ ಚಮಚ ಕಾಳು. ಬಟ್ಟೆಯ ಸಿಂಬೆಯಿಂದ ಮೆಲ್ಲಗೆ ಆಡಿಸಿದೆ. ತುಂತುರು ಶುರುವಾಯಿತು, ಜೋರಾಯಿತು, ನಡುವೆ ಬಿಡುವು ಬಂತು. ಆ ಬಿಡುವಿನಲ್ಲೇ ಇಳಿಸಬೇಕು. ಎರಡು ಉಸಿರು ತಡವಾದರೆ ಸೀಯುತ್ತದೆ. ಜರಡಿಗೆ ಸುರಿದೆ. ಅರಳದ ಕಾಳು ಕೆಳಗೆ ಬಿತ್ತು, ಅರಳಿದ್ದು ಮೇಲುಳಿಯಿತು. ಹೀಗೆ ಮೂವತ್ತು ಚಮಚ ಆಯಿತು. ಮುಗಿದಾಗ ಗಡಿಯಾರ ನೋಡಿದರೆ ಎರಡೂ ಕಾಲು. ಊಟ ಮಾಡುವುದನ್ನೇ ಮರೆತಿದ್ದೆ.

ಜುಲೈ ೧೭, ಗುರುವಾರ

ಮಹಾಜನರೇ

ಬೇಡ.

ನಾನು ಮನೆಯಲ್ಲೇ ಇದ್ದೆ.

ಫೆಬ್ರವರಿ ಇಪ್ಪತ್ತನಾಲ್ಕು, ಸೋಮವಾರ. ಹನ್ನೊಂದೂ ಕಾಲಿಗೆ ಸರೋಜಿನಿ ಒಲೆ ಹಚ್ಚಿದಳು. ನಾನು ಹೊರಕೋಣೆಯಲ್ಲಿ ಕನ್ನಡಿಯ ಮುಂದೆ ನಿಂತಿದ್ದೆ. ಯುಗಾದಿಗೆ ಕನ್ನಡ ಸಂಘದಲ್ಲಿ ಅರಸನ ವಿದಾಯದ ಮಾತು ಆಡಬೇಕಿತ್ತು. ನಾನು ಶುರುಮಾಡಿದೆ, ಒಳಗೆ ರಾಜಗಿರಿ ಶುರುವಾಯಿತು. ಹಿಂದೆ ಯಾರೋ ತಾಳ ಹಿಡಿದ ಹಾಗೆ ಹಿತವಾಗಿತ್ತು.

ಅರಸ ಸಿಂಹಾಸನಕ್ಕೆ ಕೈಮುಗಿಯುವ ಜಾಗಕ್ಕೆ ಬಂದಾಗ ಒಳಗಿನ ಸದ್ದು ನಿಂತಿತು.

ಅಪ್ಪ ಕಲಿಸಿದ್ದು ಒಂದಿದೆ. ಶೇಂಗಾ ಒಡೆಯುವುದು ನಿಂತರೆ, ಕೆಮ್ಮು ನಿಂತರೆ, ಕೂಸುಗಳು ಅಳು ನಿಲ್ಲಿಸಿದರೆ, ಸಭೆ ನಿನ್ನ ಮುಷ್ಟಿಯಲ್ಲಿದೆ ಎಂದು ತಿಳಿ. ಆಗ ಮಾತು ಮುಗಿಸಬೇಡ, ಎಳೆ. ಹನ್ನೆರಡನೆಯ ವಯಸ್ಸಿನಿಂದ ನನ್ನ ಮೈಗೆ ಹತ್ತಿದ ವಿದ್ಯೆ ಅದು.

ಸರೂ ಕೈ ನಿಲ್ಲಿಸಿ ಕೇಳುತ್ತಿದ್ದಾಳೆ ಅಂದುಕೊಂಡೆ. ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ಹುರಿಯುವುದನ್ನು ಬಿಟ್ಟು ನನ್ನ ಮಾತಿಗೆ ನಿಂತಿದ್ದಾಳೆ ಅಂದುಕೊಂಡೆ. ನನಗೆ ಎಷ್ಟು ಸಂತೋಷವಾಯಿತು ಎಂದರೆ, ಎಳೆದೆ. ಮೌನ ಇನ್ನೂ ಗಾಢವಾಯಿತು. ಮುಗಿಸಿ, ಮತ್ತೆ ಮೊದಲಿನಿಂದ ಹೇಳಿದೆ. ಅಷ್ಟು ಚೆನ್ನಾಗಿ ನಾನು ಯಾವತ್ತೂ ಹೇಳಿರಲಿಲ್ಲ.

ಎರಡನೆಯ ಸಲದ ಕೊನೆಗೆ ವಾಸನೆ ಬಂತು.

ಫ್ರಿಜ್ಜಿಗೆ ತಲೆ ಆನಿಸಿ ಕೂತ ಹಾಗೆ ಬಿದ್ದಿದ್ದಳು. ಚಮಚ ಕೈಯಲ್ಲೇ ಇತ್ತು. ಕಣ್ಣು ತೆರೆದಿತ್ತು, ಬಾಯಿ ಏನೋ ಹೇಳಲು ಹೊರಟು ಒಂದು ಬದಿಗೆ ಸೊಟ್ಟಗಾಗಿತ್ತು. ಗಡಿಯಾರದಲ್ಲಿ ಹನ್ನೊಂದು ಐವತ್ತು. ಅಂದರೆ ಸದ್ದು ನಿಂತು ಇಪ್ಪತ್ತೈದು ನಿಮಿಷ. ಆ ಹೊತ್ತಿನಲ್ಲಿ ಅವಳಿಗೆ ನನ್ನ ದನಿ ಕೇಳುತ್ತಿತ್ತೋ ಏನೋ. ಕೇಳುತ್ತಿತ್ತು ಎಂದೇ ತೋರುತ್ತದೆ. ಈ ಮನೆಯಲ್ಲಿ ಎಲ್ಲಿ ಬಿದ್ದಿದ್ದರೂ ನನ್ನ ದನಿ ಕೇಳುತ್ತದೆ.

ಮೂರು ಗಂಟೆಗೆ ಆಸ್ಪತ್ರೆಯಲ್ಲಿ ಹೋದಳು. ಕ್ಷಮಾ ಓಡಿ ಬಂದು, "ನೀವು ಎಲ್ಲಿದ್ರಿ ಅಪ್ಪಾ?" ಎಂದು ಕೇಳಿದಳು. ಕೊತ್ತಂಬರಿ ತರಲು ಹೋಗಿದ್ದೆ ಅಂದೆ. ಆ ಮಾತು ಎಲ್ಲಿಂದ ಬಂತೋ. ದನಿ ಒಂದಿಷ್ಟೂ ನಡುಗಲಿಲ್ಲ.

ಜುಲೈ ೨೦, ಭಾನುವಾರ

ಹೇಳಬೇಕೆಂದೇ ಡಮ್ ಡಮ್‌ಗೆ ಹೋದೆ. ಸೋಮವಾರದ ಅರಳಿಗೆ ಬೆಲ್ಲದ ಪಾಕ ಹಾಕಿ ಹನ್ನೆರಡು ಉಂಡಿ ಕಟ್ಟಿದ್ದೆ. ಆಟೊ ಹಿಡಿದು, ಕಾಳಿಘಾಟಿನಲ್ಲಿ ಮೆಟ್ರೋ ಹತ್ತಿ, ಉಂಡಿಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತೆ.

ಕ್ಷಮಾ ಬಾಗಿಲು ತೆರೆದಳು. ಬಳೆ ಮುಂಗೈಯಿಂದ ಜಾರುವಷ್ಟು ಇಳಿದಿದ್ದಾಳೆ. ಡಬ್ಬಿಯನ್ನು ನೋಡಿದಳು, ಅದರಲ್ಲೇನಿದೆ ಎಂದು ಕೇಳಲಿಲ್ಲ. ನಾನೂ ತೆರೆಯಲಿಲ್ಲ.

ಊಟಕ್ಕೆ ಕೂತೆವು. ಬೇಳೆಗೆ ಉಪ್ಪಿರಲಿಲ್ಲ. ಉಪ್ಪಿನ ಬಟ್ಟಲು ವೈಭವನ ಕೈಹತ್ತಿರ ಇತ್ತು. ಅವಳು ಉಪ್ಪಿಲ್ಲದೆ ಉಂಡಳು. ನೀರಿನ ಜಗ್ಗು ನನ್ನ ಎಡಗಡೆ ಇತ್ತು. ಅವಳು ಎದ್ದು ಒಳಗೆ ಹೋಗಿ, ನಲ್ಲಿಯಿಂದ ಲೋಟ ತುಂಬಿಕೊಂಡು ಬಂದು ಕೂತಳು. ವೈಭವ್ ನನ್ನ ಮುಖ ನೋಡಿದ.

ನನಗೆ ತಡೆಯಲಾಗಲಿಲ್ಲ. ನಾಟಕ ಶುರುಮಾಡಿದೆ. ಕಂಪನಿಯಲ್ಲಿ ಒಮ್ಮೆ ರಾಣಿಯ ಪಾತ್ರದವನಿಗೆ ಮೀಸೆ ಬೋಳಿಸಲು ಮರೆತುಹೋದ ಪ್ರಸಂಗ. ರಾಣಿ ಇಡೀ ರಾತ್ರಿ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಮಾತಾಡಿದ್ದು, ಅರಸ 'ಪ್ರಿಯೇ, ಅರಮನೆಯಲ್ಲಿ ಅಷ್ಟು ದುರ್ವಾಸನೆಯೇ?' ಎಂದದ್ದು. ವೈಭವ್ ನಕ್ಕ. ಕ್ಷಮಾಳ ತುಟಿಯೂ ಸ್ವಲ್ಪ ಅಲುಗಿತು.

ವೈಭವ್ ತಟ್ಟೆಗಳನ್ನು ಒಳಗೆ ಒಯ್ದಾಗ, ಈಗ ಅಂದುಕೊಂಡೆ. "ಕ್ಷಮಾ, ಆ ದಿನ..."

ಅವಳು ತಲೆಯೆತ್ತಿದಳು. ಅವಳ ಕಣ್ಣು ಸರೂನದೇ.

"ಆ ದಿನ ಏನು ಅಪ್ಪಾ?"

"ಆ ದಿನ ಬಾಜಾರಿನಾಗ ಭಾಳ ಗದ್ದಲ ಇತ್ತು. ಅದಕ್ಕ ತಡ ಆತು."

ಅವಳು ಜಾರಿದ ಬಳೆಯನ್ನು ಮೇಲಕ್ಕೆ ಸರಿಸಿಕೊಂಡಳು. ಆಮೇಲೆ ತನ್ನ ಮುರುಕು ಕನ್ನಡದಲ್ಲಿ, "ಅದೂ ನನ್ನಿಂದಾನೇ ಅಪ್ಪಾ. ನಾನು ಆವತ್ತು ಈವ್ನಿಂಗ್ ಬರ್ತೀನಿ ಅಂದಿದ್ದೆ. ನನಗೋಸ್ಕರ ಅವ್ವ ಏನೋ ಸ್ಪೆಷಲ್ ಮಾಡೋದಿತ್ತು, ಅದಕ್ಕೇ ನಿಮ್ಮನ್ನ ಕೊತ್ತಂಬರಿಗೆ ಕಳ್ಸಿದಾಳೆ. ನಾನು ಬರ್ತೀನಿ ಅನ್ನದೇ ಇದ್ದಿದ್ರೆ ನೀವು ಮನೇಲೇ ಇರ್ತಿದ್ರಿ. ನೀವಿದ್ದಿದ್ರೆ ಅವ್ವನ್ನ ಬಚಾಯಿಸ್ತಿದ್ರಿ. ಐ ನೋ. ನೀವು ಫೀಲ್ ಮಾಡ್ಕೋಬೇಡಿ," ಅಂದಳು.

ಅವಳು ನನ್ನನ್ನು ಸಮಾಧಾನ ಮಾಡಿದಳು. ನಾನು ಮಾಡಿಸಿಕೊಂಡು ಬಂದೆ.

ಡಬ್ಬಿಯನ್ನು ವಾಪಸು ತಂದಿದ್ದೇನೆ.

ಜುಲೈ ೨೩, ಬುಧವಾರ

ಶೆಫಾಲಿ ದಿ ಬಾಗಿಲು ತಟ್ಟಿದರು. "ದಾದಾ, ಗಂಟಲು ಕೆಟ್ಟಿದೆಯಾ? ಎರಡು ವಾರದಿಂದ ಸದ್ದೇ ಇಲ್ಲ. ತುಳಸಿ ಕಷಾಯ ಮಾಡಿಕೊಡ್ಲಾ?"

ಗಂಟಲಿಗೆ ಏನಾಗಿದೆ? ಎಂದಿನಂತೆಯೇ ಇದೆ. ಅವರಿಗೆ ಕಿವಿ ಮಂದವಾಗಿರಬೇಕು.

ಒಳಗೆ ಕರೆದು ಕೂರಿಸಿದೆ. ಮೊಮ್ಮಗಳು ಪುಣೆಯಲ್ಲಿರುವುದು, ಅವಳು ಮೀನು ತಿನ್ನುವುದನ್ನು ಬಿಟ್ಟದ್ದು, ಮೊಣಕಾಲಿನ ನೋವು, ಎಲ್ಲ ಹೇಳಿದರು. ಅವರಿಗೆ ಮೊಮ್ಮಗಳಿರುವುದು, ಈ ಮನೆಗೆ ಬಂದು ಹದಿನಾರು ವರ್ಷವಾದ ಮೇಲೆ, ಇವತ್ತು ಗೊತ್ತಾಯಿತು. ಏಳುವಾಗ ಎರಡು ಉಂಡಿ ಕೊಟ್ಟೆ. ಬೌದಿಯ ಕೈಯದರ ಹಾಗೇ ಇದೆ ಅಂದರು. ಇಲ್ಲ, ಪಾಕ ಸ್ವಲ್ಪ ಗಟ್ಟಿಯಾಗಿದೆ.

ಅವರು ಹೋದ ಮೇಲೆ, ಅವರ ಎದುರಿಗೆ ಹೇಳಬಹುದಿತ್ತು ಅನ್ನಿಸಿತು. ನೀವು ಕೇಳಿದ್ದು ನಿಜ ದೀದಿ, ಆ ದಿನವೇ. ಆದರೆ ಅದು ಅವರಿಗೆ ಹೇಳಬೇಕಾದದ್ದಲ್ಲ.

ಜುಲೈ ೨೬, ಶನಿವಾರ

ವೈಭವ್ ಮಧ್ಯಾಹ್ನ ಫೋನು ಮಾಡಿದ.

ಕ್ಷಮಾಳಿಗೆ ಜ್ವರ ಬಂದು ನಾಲ್ಕು ದಿನ ಆಗಿತ್ತಂತೆ. ಡೆಂಗಿ. ಯಾರಿಗೂ ಹೇಳಿರಲಿಲ್ಲ. ಮಾತ್ರೆ ಬೇಕು ಅನ್ನಲಿಲ್ಲ, ಮೈ ಸುಡುತ್ತಿದೆ ಅನ್ನಲಿಲ್ಲ, ಬೇರೆ ಕೋಣೆಯಲ್ಲಿ ಮಲಗಿದ್ದಳು. ನಿನ್ನೆ ನೀರಿಗೆಂದು ಎದ್ದವಳು ಬಚ್ಚಲ ಬಾಗಿಲಲ್ಲಿ ಬಿದ್ದಿದ್ದಾಳೆ. ಆಸ್ಪತ್ರೆಗೆ ಒಯ್ದು ಸಲೈನ್ ಹಾಕಿಸಿದ್ದಾರೆ. ಸೋಮವಾರ ಮನೆಗೆ ಬಿಡುತ್ತಾರೆ. ಇನ್ನೊಂದು ದಿನ ಬಿಟ್ಟಿದ್ದರೆ ಕಷ್ಟವಿತ್ತು ಎಂದರಂತೆ.

"ನನ್ನ ತಪ್ಪು ಮಾವ," ಅಂದ. "ನಾನು ಪಕ್ಕದ ರೂಮಲ್ಲೇ ಇದ್ದೆ. ಮೀಟಿಂಗಲ್ಲಿ ಮಾತಾಡ್ತಾನೇ ಇದ್ದೆ. ಆ ಕಡೆಯಿಂದ ಸದ್ದಿಲ್ಲ, ಮಲಗಿದಾಳೆ ಅನ್ಕೊಂಡೆ. ಎದ್ದು ಹೋಗಿ ನೋಡ್ಬೇಕಿತ್ತು. ನೋಡ್ಲಿಲ್ಲ. ಅವಳಿಗೆ ಎಚ್ಚರ ಆದ ತಕ್ಷಣ ಹೇಳ್ದೆ, ಸಾರಿ ಕಣೇ, ನಾನಿದ್ದೆ, ನೋಡ್ಲಿಲ್ಲ ಅಂತ."

"ಏನಂದಳು?"

"ಮುಖ ಗೋಡೆ ಕಡೆ ತಿರುಗಿಸ್ಕೊಂಡ್ಲು. ಆಮೇಲೆ ಅಳೋಕೆ ಶುರು ಮಾಡಿದ್ಲು ಮಾವ. ಫೆಬ್ರವರಿಯಿಂದ ಒಂದು ಸಲಾನೂ ಅತ್ತಿರ್ಲಿಲ್ಲ ಅವಳು."

ಫೋನಿಟ್ಟ ಮೇಲೆ ಬಹಳ ಹೊತ್ತು ಅಡುಗೆಮನೆಯ ನೆಲದ ಮೇಲೆ ಕೂತಿದ್ದೆ. ಮೂವತ್ಮೂರು ವರ್ಷದ ಹುಡುಗ. ರಂಗ ಹತ್ತಿದವನಲ್ಲ. ಎರಡು ವಾಕ್ಯದಲ್ಲಿ ಮುಗಿಸಿದ.

ಜುಲೈ ೨೮, ಸೋಮವಾರ

ಕ್ಷಮಾ ಮನೆಗೆ ಬಂದಳು ಎಂದು ವೈಭವ್ ಸಂದೇಶ ಕಳಿಸಿದ್ದಾನೆ. ನಿಶ್ಶಕ್ತಿ ಇದೆ, ಮಲಗಿದ್ದಾಳೆ.

ನಿನ್ನೆ ಒಂದು ಹುಚ್ಚು ಕೆಲಸ ಮಾಡಿದೆ. ಅವಳ ಮುಂದೆ ಏನು ಹೇಳಬೇಕು ಎಂದು ಮೂರು ಹಾಳೆ ಬರೆದೆ. ಎಲ್ಲಿ ತಡೆಯಬೇಕು, ಎಲ್ಲಿ ದನಿ ಒಡೆಯಬೇಕು, ಎಲ್ಲಿ ಕೈಮುಗಿಯಬೇಕು, ಎಲ್ಲ ಇತ್ತು. ಇವತ್ತು ಬೆಳಿಗ್ಗೆ ಗಟ್ಟಿಯಾಗಿ ಓದಿದೆ. ಚೆನ್ನಾಗಿತ್ತು. ಯಾರು ಕೇಳಿದರೂ ಕಣ್ಣೊರೆಸಿಕೊಂಡು ನನ್ನನ್ನು ಕ್ಷಮಿಸುವಷ್ಟು ಚೆನ್ನಾಗಿತ್ತು. ಅದಕ್ಕೇ ಹರಿದು ಹಾಕಿದೆ. ಓದುವಾಗ ಅಡುಗೆಮನೆಯಲ್ಲಿ ಸದ್ದು ಬಂತೋ ಇಲ್ಲವೋ, ಗಮನಿಸಲಿಲ್ಲ.

ಅವಳು ನನ್ನ ಮುಖ ನೋಡುವುದನ್ನೇ ಬಿಡಬಹುದು. ಆ ವಾಸನೆ ಇನ್ನು ಅವಳಿಗೂ ಬರಬಹುದು. ನಾನು ಒಬ್ಬನೇ ಆಗಬಹುದು, ಆ ಬಾಣಲೆಯೂ ನಾನೂ. ಆಗಲಿ. ಉಪ್ಪು ಕೊಡಿ ಎಂದು ಅವಳು ಕೇಳಬೇಕು. ನೀರು ಕೊಡಿ ಎನ್ನಬೇಕು.

ನಾಳೆ ಪಂಚಮಿ. ಬೆಳಿಗ್ಗೆ ಆರೂವರೆಗೆ ಮನೆ ಬಿಡುತ್ತೇನೆ. ಗಾಡಿಗಳು ತಡವಾಗದಿದ್ದರೆ ಎಂಟಕ್ಕೆ ಮುಂಚೆ ಡಮ್ ಡಮ್‌ನಲ್ಲಿರುತ್ತೇನೆ. ಡಬ್ಬಿ ಒಯ್ಯುವುದಿಲ್ಲ. ವೈಭವನನ್ನು ಹೊರಗೆ ಕಳಿಸುವುದಿಲ್ಲ, ಅವನೂ ಇರಲಿ. ಅವಳ ಮಂಚದ ಹತ್ತಿರ ಕುರ್ಚಿ ಎಳೆದುಕೊಂಡು ಕೂತು ಹೇಳುತ್ತೇನೆ: ನಾನು ಬಾಜಾರಿಗೆ ಹೋಗಿರಲಿಲ್ಲ, ಮನೆಯಲ್ಲೇ ಇದ್ದೆ, ಸದ್ದು ನಿಂತದ್ದು ಗೊತ್ತಾಯಿತು, ಎದ್ದು ಹೋಗಿ ನೋಡಲಿಲ್ಲ. ಡಾಕ್ಟರು ಹೇಳಿದ ಅರ್ಧ ಗಂಟೆಯ ವಿಷಯವನ್ನೂ ಹೇಳುತ್ತೇನೆ. ಆಮೇಲೆ ಬಾಯಿ ಮುಚ್ಚಿಕೊಂಡು ಅಲ್ಲೇ ಕೂತಿರುತ್ತೇನೆ, ಅವಳು ಏನಾದರೂ ಅನ್ನುವವರೆಗೆ, ಎದ್ದು ಹೋಗಿ ಅಂದರೆ ಎದ್ದು ಹೋಗುವವರೆಗೆ.